ಕೊನೆಯ ಸಾಲಿನವರ ಲೆಕ್ಕ

ನಮ್ಮ ಶ್ರೀಮಠದ ವಿದ್ಯಾಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಆದೇಶಿಸಿದಾಗ, ಶರಣರ ತತ್ತ್ವವನ್ನು ಕುರಿತೋ ಶಾಲೆಯ ಬೆಳವಣಿಗೆಯನ್ನು ಕುರಿತೋ ಬರೆಯುವುದೇ ವಾಡಿಕೆಗೆ ಒಪ್ಪುವಂತಿತ್ತು. ಆ ಕಾರ್ಯವನ್ನು ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿ ನೆರವೇರಿಸಿದ್ದಾರೆಂದು ನಂಬಿದ್ದೇನೆ. ನಾನು ಆರಿಸಿಕೊಂಡಿರುವ ವಿಷಯ ಮೇಲುನೋಟಕ್ಕೆ ಶುಷ್ಕವಾದದ್ದು. ಇಂದು ಪ್ರತಿಯೊಂದು ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಗಣಕಯಂತ್ರದ ಎಕ್ಸೆಲ್ ಹಾಳೆಯೇ ಲೆಕ್ಕದ ಪುಸ್ತಕವಾಗಿದೆ. ಆ ಹಾಳೆಯಲ್ಲಿ ಹಿಡಿಸಲಾರದಷ್ಟು ದೊಡ್ಡ ಲೆಕ್ಕ ಎದುರಾದಾಗ ನಾವು ಏನು ಮಾಡಬೇಕು ಎಂಬುದೇ ನನ್ನ ಪ್ರಶ್ನೆ. ಇದು ಕೇವಲ ಗುಮಾಸ್ತರಿಗೆ ಸೇರಿದ ಪ್ರಶ್ನೆಯೆಂದು ತಾವು ಭಾವಿಸಬಹುದು. ಹಾಗಲ್ಲ, ಇದು ನ್ಯಾಯಕ್ಕೆ ಸೇರಿದ ಪ್ರಶ್ನೆ ಮತ್ತು ಶಿಕ್ಷಣಕ್ಕೆ ಸೇರಿದ ಪ್ರಶ್ನೆ ಎಂಬುದನ್ನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳಬಯಸುತ್ತೇನೆ.

ಕಡರನಾಯಕನಹಳ್ಳಿಯ ಸುತ್ತಣ ಜನರಿಗೆ ಈ ಮಾತನ್ನು ತಿಳಿಯಪಡಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಹರಿಹರ ತಾಲ್ಲೂಕು ಭದ್ರಾ ನಾಲೆಯ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿದೆ. ಲಕ್ಕವಳ್ಳಿಯ ಜಲಾಶಯದಿಂದ ಹೊರಟ ನೀರು ಸುಮಾರು ಒಂದು ಲಕ್ಷ ಹೆಕ್ಟೇರ್ ಭೂಮಿಗೆ ಹಂಚಿಕೆಯಾಗುತ್ತ ಹರಿದು ನಮ್ಮ ಕಡೆಗೆ ಬರುವ ಹೊತ್ತಿಗೆ ಕ್ಷೀಣಿಸಿರುತ್ತದೆ. ಮೇಲಿನವರ ಗದ್ದೆ ತುಂಬಿ, ಕೊನೆಯವರ ಗದ್ದೆ ಒಣಗಿದ ವರ್ಷಗಳನ್ನು ಈ ಭಾಗದ ಪ್ರತಿಯೊಬ್ಬ ರೈತನೂ ಕಂಡಿದ್ದಾನೆ. ಗಣಕಯಂತ್ರದ ಹಾಳೆಯಲ್ಲಿಯೂ ನಡೆಯುವುದು ಇದೇ. ಹಾಳೆ ತುಂಬಿದ ಮೇಲೆ ಬರುವ ಸಾಲುಗಳಿಗೆ ಎಡೆಯಿರುವುದಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ಒಣಗಿದ ಗದ್ದೆ ಕಣ್ಣಿಗೆ ಕಾಣುತ್ತದೆ, ರೈತನು ಕಚೇರಿಯ ಮುಂದೆ ನಿಂತು ಕೇಳುತ್ತಾನೆ. ಹಾಳೆಯಿಂದ ಬಿದ್ದುಹೋದ ಸಾಲು ಕಾಣುವುದಿಲ್ಲ, ಕೇಳುವವರೂ ಇರುವುದಿಲ್ಲ.

ಈ ಹಾಳೆಯ ಅಳತೆಯನ್ನು ಮೊದಲು ತಿಳಿದುಕೊಳ್ಳೋಣ. ವೀಸಿಕ್ಯಾಲ್ಕ್ ಎಂಬ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ 1979ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತು. ವ್ಯಾಪಾರಸ್ಥನೊಬ್ಬನು ತನ್ನ ಜಮಾಖರ್ಚನ್ನು ತಾನೇ ನೋಡಿಕೊಳ್ಳಲೆಂದು, ಒಂದು ಅಂಕಿಯನ್ನು ತಿದ್ದಿದೊಡನೆ ಮೊತ್ತವು ತಾನಾಗಿ ತಿದ್ದಿಕೊಳ್ಳಲೆಂದು ಹುಟ್ಟಿದ ಸಾಧನವದು. ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿತ್ತು. 2007ರ ಆವೃತ್ತಿಯಿಂದೀಚೆಗೆ ಅದು 10,48,576 ಸಾಲುಗಳಿಗೆ ಏರಿದೆ. ಹತ್ತು ಲಕ್ಷವೆಂದರೆ ಸಾಮಾನ್ಯವಲ್ಲ, ನಮಗೆ ಇಷ್ಟು ಸಾಕಾಗದೆ ಹೋದೀತೆ ಎಂದು ಅಧ್ಯಾಪಕ ಬಂಧುಗಳು ಕೇಳಬಹುದು. ನಮ್ಮಂತಹ ಒಂದು ಶಾಲೆಯಲ್ಲಿ 500 ಮಕ್ಕಳಿದ್ದು, ವರ್ಷಕ್ಕೆ 220 ದಿನ ಪಾಠ ನಡೆಯುತ್ತದೆಂದು ಭಾವಿಸಿ. ಪ್ರತಿ ಮಗುವಿನ ಪ್ರತಿ ದಿನದ ಹಾಜರಿಯನ್ನು ಒಂದೊಂದು ಸಾಲಿನಲ್ಲಿ ಬರೆದರೆ ವರ್ಷಕ್ಕೆ 1,10,000 ಸಾಲುಗಳಾಗುತ್ತವೆ. ಹತ್ತು ವರ್ಷ ತುಂಬುವುದರೊಳಗೆ ಹಾಳೆ ಮುಗಿಯುತ್ತದೆ. ಇನ್ನು ರಾಜ್ಯದ ಮಾತೆತ್ತಿದರೆ, ಪ್ರತಿವರ್ಷ ಎಂಟು ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ತಲಾ ಆರು ವಿಷಯಗಳ ಅಂಕಗಳನ್ನು ವಿಷಯಕ್ಕೊಂದು ಸಾಲಿನಂತೆ ಬರೆದರೆ 48 ಲಕ್ಷ ಸಾಲುಗಳು, ಎಂದರೆ ಹಾಳೆಯ ನಾಲ್ಕೂವರೆ ಪಟ್ಟು.

ಹಾಳೆಯ ಮಿತಿಯನ್ನು ಮರೆತುದರ ಫಲವೇನೆಂಬುದನ್ನು ಜಗತ್ತು 2020ರಲ್ಲಿ ಕಂಡಿತು. ಕೋವಿಡ್ ಮಹಾಮಾರಿಯ ಆ ದಿನಗಳಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯು ಪ್ರಯೋಗಶಾಲೆಗಳಿಂದ ಬಂದ ವರದಿಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಗಳಿಗೆ ತುಂಬಿಸುತ್ತಿತ್ತು. ಒಬ್ಬೊಬ್ಬ ರೋಗಿಯ ವಿವರಕ್ಕೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಹಾಳೆಗಳು ಬೇಗನೆ ತುಂಬಿದವು. ತುಂಬಿದ ಮೇಲೆ ಬಂದ ಹೆಸರುಗಳು ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಒಂದೇ ವಾರದಲ್ಲಿ ಹೀಗೆ 15,841 ಮಂದಿ ಸೋಂಕಿತರು ಲೆಕ್ಕದಿಂದ ಬಿಟ್ಟುಹೋದರು. ಅವರಿಗೆ ತಮ್ಮ ಪರೀಕ್ಷೆಯ ಫಲಿತಾಂಶ ತಿಳಿದಿತ್ತು. ಆದರೆ ಅವರೊಡನೆ ಒಡನಾಡಿದವರನ್ನು ಹುಡುಕಿ ಎಚ್ಚರಿಸುವ ಕಾರ್ಯ ಹಲವು ದಿನ ತಡವಾಯಿತು. ಹಣಕ್ಕಾಗಲಿ ವಿದ್ಯೆಗಾಗಲಿ ಕೊರತೆಯಿಲ್ಲದ ದೇಶದಲ್ಲಿ ಇದು ನಡೆಯಿತು. ಪಾತ್ರೆಯು ಅಳತೆಗೆ ಚಿಕ್ಕದೆಂಬುದನ್ನು ಯಾರೂ ಮೊದಲೇ ನೋಡಿಕೊಳ್ಳಲಿಲ್ಲ, ಅಷ್ಟೆ.

ಸಾಲುಗಳು ಬಿದ್ದುಹೋಗುವುದು ಒಂದು ದೋಷವಾದರೆ, ಇದ್ದ ಸಾಲುಗಳು ರೂಪ ಕೆಡುವುದು ಇನ್ನೊಂದು. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರವರು ತಯಾರಿಸಿದ ರೈತರ ಪಟ್ಟಿಯನ್ನು ನೋಡುವ ಪ್ರಸಂಗ ನನಗೆ ಒದಗಿತ್ತು. ಸರ್ವೆ ನಂಬರು ಇರಬೇಕಾದ ಕಡೆ ಕೆಲವರ ಹೆಸರಿನ ಮುಂದೆ ಮಾರ್ಚ್ 12 ಎಂದೂ ಜೂನ್ 8 ಎಂದೂ ಅಚ್ಚಾಗಿತ್ತು. ವಿಚಾರಿಸಲಾಗಿ, 12/3 ಮತ್ತು 8/6 ಎಂಬ ಹಿಸ್ಸಾ ಸಹಿತವಾದ ನಂಬರುಗಳನ್ನು ಯಂತ್ರವು ತಾರೀಖೆಂದು ತಿಳಿದುಕೊಂಡಿದ್ದಿತು. ಅದೇ ಪಟ್ಟಿಯಲ್ಲಿ 112/3 ಎಂಬುದು ತನ್ನ ರೂಪದಲ್ಲಿಯೇ ಉಳಿದಿದ್ದಿತು. ಅಂತಹ ತಾರೀಖು ಪಂಚಾಂಗದಲ್ಲಿಲ್ಲವಲ್ಲ! ಎಲ್ಲವೂ ಕೆಟ್ಟಿದ್ದರೆ ಯಾರಾದರೂ ಒಡನೆಯೇ ಕಂಡುಹಿಡಿಯುತ್ತಿದ್ದರು. ಅಲ್ಲೊಂದು ಇಲ್ಲೊಂದು ಕೆಟ್ಟುದರಿಂದ ಪಟ್ಟಿಯು ಮೂರು ಕೈ ದಾಟಿದರೂ ಯಾರ ಗಮನಕ್ಕೂ ಬರಲಿಲ್ಲ. ನೂರು ಸಾಲಿನ ಪಟ್ಟಿಯನ್ನು ಕಣ್ಣಾಡಿಸಿ ತಿದ್ದಬಹುದು. ಲಕ್ಷ ಸಾಲಿನ ಪಟ್ಟಿಯನ್ನು ಓದಿ ತಿದ್ದುವವರು ಯಾರು? ಇಂತಹ ಕಷ್ಟವು ನಮಗೆ ಮಾತ್ರವೇ ಬಂದುದಲ್ಲ. ಮಾನವನ ಕೆಲವು ವಂಶವಾಹಿಗಳಿಗೆ ವಿಜ್ಞಾನಿಗಳು ಕೊಟ್ಟಿದ್ದ ಹೆಸರುಗಳು ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಹೆಸರನ್ನು ಹೋಲುತ್ತಿದ್ದುದರಿಂದ ಹಾಳೆಯಲ್ಲಿ ಅವೂ ತಾರೀಖುಗಳಾಗುತ್ತಿದ್ದವು. ಕಡೆಗೆ 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತು.

ನಮ್ಮ ಹಿರಿಯರಿಗೆ ದೊಡ್ಡ ಲೆಕ್ಕವೆಂಬುದು ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಊರಿನ ಭೂಮಿ ಕಂದಾಯದ ಲೆಕ್ಕವಿರುತ್ತಿತ್ತು. ಆ ವಸ್ತು ಮರೆಯಾದರೂ ಕಡತವೆಂಬ ಮಾತು ನಮ್ಮ ಕಚೇರಿಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಖಿರ್ದಿ ಬರೆಯುವವನು ಆರಂಭದ ಶಿಲ್ಕಿಗೆ ಜಮಾ ಕೂಡಿಸಿ, ಖರ್ಚು ಕಳೆದು, ಆಖೈರು ಶಿಲ್ಕು ತಾಳೆಯಾಗುವವರೆಗೆ ರಾತ್ರಿ ದೀಪವನ್ನು ಆರಿಸುತ್ತಿರಲಿಲ್ಲ. ಯಂತ್ರ ಬಂದ ಮೇಲೆ ನಾವು ಕಳೆದುಕೊಂಡದ್ದು ಈ ತಾಳೆ ನೋಡುವ ಅಭ್ಯಾಸವನ್ನು. ಯಂತ್ರವು ಕೂಡಿಸುವುದರಲ್ಲಿ ತಪ್ಪಲಾರದು ನಿಜ. ಆದರೆ ಕೂಡಿಸಬೇಕಾದುದೆಲ್ಲವೂ ಅದರ ಮುಂದೆ ಬಂದಿದೆಯೆ ಎಂಬುದನ್ನು ಅದು ತಾನಾಗಿ ಕೇಳುವುದಿಲ್ಲ.

ಹಾಗಾದರೆ ದೊಡ್ಡ ಲೆಕ್ಕಕ್ಕೆ ತಕ್ಕ ಪಾತ್ರೆ ಯಾವುದು? ಅದಕ್ಕೆ ಡೇಟಾಬೇಸ್ ಎಂದು ಹೆಸರು. ಇದರ ಇಂದಿನ ರೂಪಕ್ಕೆ ತಳಹದಿಯನ್ನು ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು, 1970ರಲ್ಲಿ. ಅವರ ಆಲೋಚನೆಯ ತಿರುಳು ಸರಳವಾದದ್ದು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಬೇರೆ ಕಡೆ ಅದು ಬೇಕಾದಲ್ಲಿ ಅದರ ಗುರುತನ್ನು ಮಾತ್ರ ಕೊಡಬೇಕು. ಶಾಲೆಯಲ್ಲಿ ವಿದ್ಯಾರ್ಥಿಗಳದೊಂದು ಪಟ್ಟಿ, ಹಾಜರಿಯದೊಂದು ಪಟ್ಟಿ, ಅಂಕಗಳದೊಂದು ಪಟ್ಟಿ ಇರಲಿ. ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕಗಳು ಮೊದಲನೆಯ ಪಟ್ಟಿಯಲ್ಲಿ ಮಾತ್ರ ಇರಲಿ. ಉಳಿದೆರಡರಲ್ಲಿ ಆ ಮಗುವಿನ ಕ್ರಮಸಂಖ್ಯೆಯೊಂದೇ ಸಾಕು. ಹೆಸರಿನಲ್ಲಿ ತಪ್ಪಿದ್ದರೆ ಒಂದೆಡೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತಾಯಿತು.

ಈ ಗುರುತಿನ ಸಂಖ್ಯೆಯ ಮಹತ್ತ್ವವನ್ನು ಶರಣ ಸಾಹಿತ್ಯವನ್ನು ಓದಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವಚನಗಳ ಅಂಕಿತವು ಮಾಡುವ ಕೆಲಸವೇ ಇದು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೆಂದೂ, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳೆಂದೂ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿಯೆಂದೂ ತಿಳಿಯುತ್ತದೆ. ಹೆಸರೇ ದೊರೆಯದ ಕೆಲವು ವಚನಕಾರರನ್ನು ಅಂಕಿತವೊಂದರಿಂದಲೇ ವಿದ್ವಾಂಸರು ಬೇರ್ಪಡಿಸಿ ಗುರುತಿಸಿದ್ದಾರೆ. ಗುರುತು ಗಟ್ಟಿಯಾಗಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮೂರಿನ ಹೆಸರೇ ಸಾಕ್ಷಿ. ಒಬ್ಬರು ಕಡರನಾಯಕನಹಳ್ಳಿ ಎನ್ನುವರು, ಇನ್ನೊಬ್ಬರು ಕಡರನಾಯ್ಕನಹಳ್ಳಿ ಎನ್ನುವರು, ಮತ್ತೊಬ್ಬರು ನಡುವೆ ಅಂತರ ಬಿಟ್ಟು ಎರಡು ಪದವಾಗಿಸುವರು. ಮನುಷ್ಯನಿಗೆ ಇವು ಒಂದೇ ಊರು, ಯಂತ್ರಕ್ಕೆ ಮೂರು ಊರು. ಈ ಕಾರಣದಿಂದಲೇ ಜನಗಣತಿಯಲ್ಲಿ ಪ್ರತಿಯೊಂದು ಗ್ರಾಮಕ್ಕೂ ಒಂದೊಂದು ಸಂಕೇತ ಸಂಖ್ಯೆಯನ್ನು ಕೊಟ್ಟಿದ್ದಾರೆ.

ದೊಡ್ಡ ಲೆಕ್ಕವನ್ನು ತಕ್ಕ ಪಾತ್ರೆಯಲ್ಲಿಟ್ಟ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಇದೆ. ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. ಎಕ್ಸೆಲ್ ಹಾಳೆಗಳಲ್ಲಿ ಇಟ್ಟಿದ್ದರೆ 20 ಹಾಳೆಗಳಾಗುತ್ತಿದ್ದವು, ಮತ್ತು ಇಪ್ಪತ್ತನ್ನೂ ಇಪ್ಪತ್ತು ಜನ ಇಪ್ಪತ್ತು ವಿಧವಾಗಿ ತಿದ್ದುತ್ತಿದ್ದರು. ಅವು ಡೇಟಾಬೇಸ್‌ನಲ್ಲಿ ನೆಲೆಗೊಂಡುದರಿಂದ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ರೈತನು ತನ್ನ ಪಹಣಿಯನ್ನು ಅಲ್ಪ ಶುಲ್ಕಕ್ಕೆ ಪಡೆಯುವಂತಾಯಿತು. ಅಧಿಕಾರಿಯು ಬೆರಳಚ್ಚು ಕೊಟ್ಟು ಒಳಹೊಕ್ಕು ತಿದ್ದಬೇಕಾಗಿದ್ದುದರಿಂದ, ತಿದ್ದಿದವರು ಯಾರೆಂಬುದೂ ದಾಖಲೆಯಾಗತೊಡಗಿತು. ಅದು ನಿರ್ದೋಷವೆಂದು ನಾನು ಹೇಳುತ್ತಿಲ್ಲ. ಹಳೆಯ ಕೈಬರಹದಲ್ಲಿದ್ದ ತಪ್ಪುಗಳು ಯಂತ್ರಕ್ಕೂ ಬಂದವು, ಅವನ್ನು ತಿದ್ದಿಸಿಕೊಳ್ಳಲು ಅಲೆದಾಡಿದ ರೈತರು ನಮ್ಮ ನಡುವೆ ಇದ್ದಾರೆ. ಪಾತ್ರೆ ದೊಡ್ಡದಾದ ಮಾತ್ರಕ್ಕೆ ಅದರೊಳಗಿನ ಹಾಲು ಶುದ್ಧವಾಗುವುದಿಲ್ಲ. ಆದರೆ ಪಾತ್ರೆಯೇ ಸಾಲದಿದ್ದರೆ ಶುದ್ಧಿಯ ಮಾತೇ ಏಳುವುದಿಲ್ಲ.

ಸಾಮಾನ್ಯ ಗಣಕಯಂತ್ರವೊಂದು ಕೋಟಿ ಸಾಲುಗಳನ್ನು ಹೇಗೆ ನಿಭಾಯಿಸೀತು ಎಂಬ ಸಂದೇಹ ಸಹಜವಾದುದು. ಕಣದಲ್ಲಿ ಭತ್ತ ಅಳೆಯುವುದನ್ನು ನೆನೆಯಿರಿ. ಅಳೆಯುವವನು ರಾಶಿಯನ್ನೆಲ್ಲ ಒಮ್ಮೆಗೇ ಎತ್ತುವುದಿಲ್ಲ. ಕೊಳಗ ತುಂಬುತ್ತಾನೆ, ಲಾಭ ಎನ್ನುತ್ತಾನೆ, ಸುರಿಯುತ್ತಾನೆ, ಎರಡು ಎನ್ನುತ್ತಾನೆ. ಅವನು ನೆನಪಿನಲ್ಲಿಡಬೇಕಾದುದು ಎಣಿಕೆಯೊಂದನ್ನೇ. ಎಕ್ಸೆಲ್ ರಾಶಿಯನ್ನೆಲ್ಲ ತೆರೆದು ತನ್ನ ನೆನಪಿನಲ್ಲಿ ಹೊರಲು ಹೋಗಿ ಬಸವಳಿಯುತ್ತದೆ. ಪೈಥಾನ್, ಆರ್ ಮೊದಲಾದ ಭಾಷೆಗಳಲ್ಲಿ ಬರೆದ ಹತ್ತಿಪ್ಪತ್ತು ಸಾಲಿನ ಕ್ರಮವಿಧಿಯು ಕಡತವನ್ನು ತುಂಡುತುಂಡಾಗಿ ಓದಿ, ಬೇಕಾದ ಮೊತ್ತವನ್ನಷ್ಟೇ ಉಳಿಸಿಕೊಂಡು, ಮುಂದಿನ ತುಂಡಿಗೆ ಹೋಗಬಲ್ಲದು. ಡೇಟಾಬೇಸ್‌ಗೆ ಇನ್ನೊಂದು ಅನುಕೂಲವುಂಟು. ದಪ್ಪ ಗ್ರಂಥದ ಕೊನೆಯಲ್ಲಿರುವ ಅಕಾರಾದಿಯಂತೆ ಅದು ತನ್ನದೇ ಸೂಚಿಯನ್ನು ಇರಿಸಿಕೊಳ್ಳುವುದರಿಂದ ಒಬ್ಬ ವಿದ್ಯಾರ್ಥಿಯ ವಿವರಕ್ಕಾಗಿ ಕೋಟಿ ಸಾಲನ್ನೂ ತಡವಬೇಕಾಗುವುದಿಲ್ಲ.

ಎಲ್ಲ ಪ್ರಶ್ನೆಗಳಿಗೂ ಪೂರ್ತಿ ರಾಶಿಯನ್ನು ಅಳೆಯಲೇಬೇಕೆಂದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು, ಕ್ರಮವರಿತು ಆರಿಸಿದ ಮಾದರಿಯಿಂದ ಇಡಿಯ ಪ್ರಾಂತದ ಬೆಳೆಯನ್ನು ಅಂದಾಜು ಮಾಡಬಹುದೆಂದು ತೋರಿಸಿಕೊಟ್ಟಿತು. ಆ ಸಂಸ್ಥೆಯಲ್ಲಿ ಬೆಳೆದು ವಿಶ್ವವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು, ನಮ್ಮ ಹರಿಹರವನ್ನು ದಾಟಿ ಹರಿಯುವ ತುಂಗಭದ್ರೆಯ ಕೆಳಹರಿವಿನ ನಾಡಾದ ಹೂವಿನಹಡಗಲಿಯಲ್ಲಿ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದು ಅದೇ ವರ್ಷ ಅವರು ದಿವಂಗತರಾದರು. ಒಂದು ಸೀಮೆಯ ಬೆಳೆಯ ಅಂದಾಜಿಗೆ ಮಾದರಿಯು ಸಾಕು. ಆದರೆ ಪಹಣಿ, ಪಡಿತರ, ವಿದ್ಯಾರ್ಥಿವೇತನಗಳ ಪಟ್ಟಿಗಳಲ್ಲಿ ಮಾದರಿಯು ಸಲ್ಲದು. ಅಲ್ಲಿ ಒಬ್ಬನನ್ನೂ ಬಿಡುವಂತಿಲ್ಲ.

ಒಬ್ಬರನ್ನೂ ಬಿಡಬಾರದೆಂಬ ನಿಷ್ಠೆಗೆ ನಮ್ಮ ಮುಂದೆ ಹಿರಿಯ ಆದರ್ಶವೊಂದಿದೆ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತ, ಮಠಗಳಲ್ಲಿಯೂ ಮನೆಗಳಲ್ಲಿಯೂ ಹುದುಗಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಸಂಗ್ರಹವು ಬೆಳೆಯುತ್ತ ಹೋದಂತೆ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ಶಿವಾನುಭವ ಪತ್ರಿಕೆಯನ್ನೂ ಅವರು ಪ್ರಾರಂಭಿಸಿದರು. ಇದ್ದ ಅನುಕೂಲಕ್ಕೆ ತಕ್ಕಂತೆ ಅವರು ಸಂಗ್ರಹವನ್ನು ಕತ್ತರಿಸಲಿಲ್ಲ. ಸಂಗ್ರಹಕ್ಕೆ ತಕ್ಕ ಅನುಕೂಲವನ್ನು ಕಟ್ಟಿಕೊಂಡರು. ಮುಂದೆ 1993ರಲ್ಲಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಂದು 20 ಸಾವಿರಕ್ಕೂ ಮಿಕ್ಕ ವಚನಗಳು ಗಣಕಯಂತ್ರದಲ್ಲಿ ಪದಪದವಾಗಿ ಹುಡುಕಲು ದೊರೆಯುತ್ತವೆ. ಆ ಸಂಪುಟಗಳಲ್ಲಿ ಸಾವಿರಕ್ಕೂ ಹೆಚ್ಚು ವಚನಗಳನ್ನು ರಚಿಸಿದ ಮಹಾನುಭಾವರಿದ್ದಾರೆ. ಒಂದೇ ಒಂದು ವಚನ ದೊರೆತಿರುವ ಶರಣ ಶರಣೆಯರೂ ಇದ್ದಾರೆ. ಇಷ್ಟು ಸಾಕೆಂದು ಯಾರಾದರೂ ನಡುವೆ ಗೆರೆ ಎಳೆದಿದ್ದರೆ ಕಳೆದುಹೋಗುತ್ತಿದ್ದವರು ಅವರೇ.

ಬಡ ಗ್ರಾಮದ ಶಾಲೆಗೆ ಇದೆಲ್ಲ ಎಟುಕುವುದೆ ಎಂಬ ಆಕ್ಷೇಪಣೆಗೆ ಉತ್ತರಿಸಬೇಕು. ಹಣದ ಅಡ್ಡಿಯಿಲ್ಲ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ 2000ನೆಯ ಇಸವಿಯಿಂದಲೂ ಉಚಿತವಾಗಿ ದೊರೆಯುತ್ತಿದೆ. ನಮ್ಮ ಜೇಬಿನಲ್ಲಿರುವ ಮೊಬೈಲು ಫೋನುಗಳೊಳಗೂ ಅದೇ ಕೆಲಸ ಮಾಡುತ್ತಿದೆ. ಪೈಥಾನ್ ಮತ್ತು ಆರ್ ಕೂಡ ಉಚಿತವೇ. ಎಕ್ಸೆಲ್ ಅನ್ನು ತ್ಯಜಿಸಿರೆಂದೂ ನಾನು ಹೇಳುವುದಿಲ್ಲ. ಒಂದು ತರಗತಿಯ ಅಂಕಪಟ್ಟಿಗೆ, ವಾರ್ಷಿಕೋತ್ಸವದ ಖರ್ಚಿಗೆ ಅದಕ್ಕಿಂತ ಹಿತವಾದ ಸಾಧನವಿಲ್ಲ. ಕೊರತೆಯಿರುವುದು ಕಲಿಸುವುದರಲ್ಲಿ. ದಾನಿಗಳು ಉದಾರವಾಗಿ ಗಣಕಯಂತ್ರಗಳನ್ನು ಕೊಡುತ್ತಾರೆ, ಅವುಗಳ ಮೇಲೆ ಅವರ ಹೆಸರನ್ನೂ ಬರೆಸುತ್ತೇವೆ. ಆ ಯಂತ್ರದಲ್ಲಿ ಮಕ್ಕಳು ಚಿತ್ರ ಬಿಡಿಸುವುದನ್ನೂ ಅರ್ಜಿ ಬೆರಳಚ್ಚು ಮಾಡುವುದನ್ನೂ ಕಲಿತು ಹೊರಡುತ್ತಾರೆ.

ಆದುದರಿಂದ ಮೂರು ಸೂಚನೆಗಳನ್ನು ಈ ಸಂಚಿಕೆಯ ಮೂಲಕ ಮುಂದಿಡುತ್ತೇನೆ. ಮೊದಲನೆಯದು, ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳನ್ನು ಮೊದಲ ವಿದ್ಯಾರ್ಥಿಯಿಂದ ಇಂದಿನವರೆಗೆ ಒಂದು ಡೇಟಾಬೇಸ್‌ಗೆ ಇಳಿಸುವ ಕಾರ್ಯವನ್ನು ಪ್ರೌಢಶಾಲೆಯ ಮಕ್ಕಳ ಕೈಯಿಂದಲೇ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಮಾಡಿಸಬೇಕು. ಜನ್ಮದಿನಾಂಕಕ್ಕಾಗಿ ಇಂದಿಗೂ ಹಳೆಯ ವಿದ್ಯಾರ್ಥಿಗಳು ಬಂದು ಕೇಳುವುದು ಆ ಪುಸ್ತಕಗಳನ್ನೇ. ಅವುಗಳ ಅಂಚುಗಳು ಪುಡಿಯಾಗುತ್ತಿವೆ. ಎರಡನೆಯದು, ದಾನಿಗಳು ಹತ್ತು ಯಂತ್ರಗಳನ್ನು ಕೊಡುವ ಕಡೆ ಒಂಬತ್ತನ್ನು ಕೊಟ್ಟು, ಉಳಿದ ಹಣದಲ್ಲಿ ಒಬ್ಬ ಅಧ್ಯಾಪಕರಿಗೆ ತರಬೇತಿಯನ್ನು ಕೊಡಿಸಬೇಕು. ಮೂರನೆಯದು, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಲೆಕ್ಕವನ್ನು ಸಾಗಿಸುವಾಗಲೆಲ್ಲ, ಹೊರಟ ಸಾಲುಗಳೆಷ್ಟು ಮುಟ್ಟಿದ ಸಾಲುಗಳೆಷ್ಟು ಎಂದು ಎಣಿಸಿ, ಎರಡೂ ತಾಳೆಯಾದ ಮೇಲೆ ಸಹಿ ಹಾಕುವ ಪದ್ಧತಿಯನ್ನು ಕಚೇರಿಯಲ್ಲಿ ಕಡ್ಡಾಯ ಮಾಡಬೇಕು. ಮೂಲ ಪುಸ್ತಕವನ್ನಾಗಲಿ ಮೂಲ ಕಡತವನ್ನಾಗಲಿ ಎಂದಿಗೂ ಅಳಿಸಬಾರದು. ಇದರೊಡನೆ ಒಂದು ಎಚ್ಚರಿಕೆಯೂ ಬೇಕು. ಮಕ್ಕಳ ವಿವರಗಳು ಊರಿನ ಆಸ್ತಿಯಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಕೇಳುತ್ತದೆ. ಇಡೀ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಹರಿಯಬಿಡುವ ಈಗಿನ ರೂಢಿ ನಿಲ್ಲಬೇಕು.

ಕಾಯಕದಲ್ಲಿ ಹಿರಿದು ಕಿರಿದೆಂಬುದಿಲ್ಲವೆಂದು ಶರಣರು ಬೋಧಿಸಿದರು. ಲೆಕ್ಕ ಬರೆಯುವುದೂ ಒಂದು ಕಾಯಕ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಕೊನೆಯ ಎಲೆಯವರೆಗೂ ಹೋಗಿ, ಅಲ್ಲಿ ಕುಳಿತವರಿಗೆ ಮುಟ್ಟಿತೆ ಎಂದು ನೋಡಿ ಹಿಂದಿರುಗುತ್ತಾನೆ. ಲೆಕ್ಕ ಬರೆಯುವವನೂ ಅಷ್ಟನ್ನು ಮಾಡಿದರೆ ಸಾಕು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಸೂಚನೆಗಳನ್ನು ಪರಿಶೀಲಿಸಿ, ತಪ್ಪಿದ್ದಲ್ಲಿ ತಿದ್ದಿ, ಸರಿಯೆನಿಸಿದ್ದನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲಾದರೂ ಕಾರ್ಯಗತ ಮಾಡಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ. ಶರಣು ಶರಣಾರ್ಥಿ.